ಒಳಚರಂಡಿಗೆ ಬೇರು ನುಗ್ಗಿದಾಗ: ಮರ ಉಳಿಸಿಕೊಂಡೇ ಕೊಳವೆ ಸರಿಪಡಿಸುವ ಬಗೆ

ಮೈಸೂರಿನ ನಮ್ಮ ಮನೆಯ ಹಿತ್ತಿಲಲ್ಲಿ, ತೆಂಗಿನ ಮರದಿಂದ ಹನ್ನೆರಡು ಅಡಿ ದೂರದಲ್ಲಿ ಹಾದುಹೋಗುವ ಶೌಚದ ಕೊಳವೆಯಿಂದ ಕೆಲವು ವರ್ಷಗಳ ಹಿಂದೆ ಹೊರಗೆಳೆದ ಬೇರಿನ ಮುದ್ದೆ ನನ್ನ ತೋಳಿನಷ್ಟು ಉದ್ದವಿತ್ತು. ನೆನೆಹಾಕಿದ ತೆಂಗಿನ ನಾರಿನಂತೆ ಕೆಂಗಂದು ಬಣ್ಣ, ತುದಿಗಳಲ್ಲಿ ಮಾತ್ರ ಮೊಳಕೆಯಂಥ ಬಿಳುಪು, ನಡುನಡುವೆ ಸಿಕ್ಕಿಕೊಂಡ ತಲೆಗೂದಲು, ಜಿಡ್ಡು, ಬಟ್ಟೆಯ ಚೂರು. ಅಷ್ಟನ್ನೂ ಬೆಳೆಸಿದ್ದು ಕೊಳವೆಯ ತುಂಡುಗಳು ಸೇರುವ ಒಂದೇ ಒಂದು ಸಂದಿನಿಂದ ಒಳಗೆ ನುಸುಳಿದ, ಹೊಲಿಗೆಯ ದಾರದಷ್ಟು ತೆಳುವಾದ ಎರಡು ಮೂರು ಬೇರುಗಳು. ಕೆಲಸಕ್ಕೆ ಬಂದ ಪ್ಲಂಬರ್ ಮರವನ್ನೇ ತೆಗೆಸಿಬಿಡಿ ಎಂದು ಸಲಹೆ ಕೊಟ್ಟರು. ತೆಗೆಸಲಿಲ್ಲ. ಕೊಳವೆಯ ಸಂದನ್ನು ಸರಿಪಡಿಸಿದೆವು. ಮರವೂ ಉಳಿದಿದೆ, ಕೊಳವೆಯೂ ಮತ್ತೆ ಕಟ್ಟಿಕೊಂಡಿಲ್ಲ. ಇದೇ ತೊಂದರೆಯಲ್ಲಿರುವವರು ಹಣ ಮತ್ತು ಮರ ಎರಡನ್ನೂ ಕಳೆದುಕೊಳ್ಳದಿರಲಿ ಎಂಬ ಕಾಳಜಿಯಿಂದ ಆ ಕೆಲಸದ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಬೇರು ಏಕೆ ಬರುತ್ತದೆ

ಗಟ್ಟಿಮುಟ್ಟಾದ ಕೊಳವೆಯನ್ನು ಬೇರು ಕೊರೆದು ಒಳಗೆ ಹೋಗುವುದಿಲ್ಲ. ತೇವ, ಗಾಳಿ, ಸಾರ ಈ ಮೂರೂ ಇರುವ ಕಡೆ ಬೇರಿನ ಬೆಳವಣಿಗೆ ಹೆಚ್ಚುತ್ತದೆ. ಅರ್ಧ ಮಾತ್ರ ತುಂಬಿ ಹರಿಯುವ ಚರಂಡಿ ಕೊಳವೆಯಲ್ಲಿ ಇವು ಮೂರೂ ಧಾರಾಳವಾಗಿವೆ. ಹಳೆಯ ಬಡಾವಣೆಗಳ ಮನೆಗಳಲ್ಲಿ ನೆಲದಡಿ ಇರುವುದು ಬಹುತೇಕ ಸ್ಟೋನ್‌ವೇರ್ ಪೈಪು, ಅಂದರೆ ಸುಟ್ಟ ಮಣ್ಣಿನ ಮೆರುಗುಗೊಳವೆ. ಇದರ ಒಂದು ತುಂಡು ಸಾಮಾನ್ಯವಾಗಿ ಎರಡು ಅಡಿ ಉದ್ದ. ಒಂದು ತುಂಡಿನ ಬಾಯಿಗೆ ಇನ್ನೊಂದನ್ನು ಕೂರಿಸಿ, ಸುತ್ತಲೂ ಸಣಬಿನ ಹುರಿ ತುರುಕಿ, ಮೇಲೆ ಸಿಮೆಂಟ್ ಗಾರೆ ಮೆತ್ತುವುದು ಆಗಿನ ಪದ್ಧತಿ. ಇಪ್ಪತ್ತು ಅಡಿ ಉದ್ದದ ಕೊಳವೆಯ ಓಟದಲ್ಲಿ ಹೆಚ್ಚುಕಡಿಮೆ ಹತ್ತು ಸಂದು ಬೀಳುತ್ತವೆ. ಮಣ್ಣು ಕುಸಿದಾಗ, ಮೇಲೆ ಕಾರು ನಿಲ್ಲಿಸಿದಾಗ ಗಾರೆ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು, ಹನಿಹನಿಯಾಗಿ ತೇವ ಹೊರಗೆ ಜಿನುಗುತ್ತದೆ. ಫೆಬ್ರುವರಿಯಿಂದ ಮೇವರೆಗೆ ಸುತ್ತಲಿನ ಮಣ್ಣು ಒಣಗಿದಾಗ ಆ ಜಿನುಗೇ ಬೇರಿಗೆ ದಾರಿ ತೋರಿಸುತ್ತದೆ. ಒಳಗೆ ಹೊಕ್ಕ ಬೇರು ಮೊದಲಿಗೆ ಜರಡಿಯಂತಿದ್ದು, ಕಾಗದ, ಕೂದಲು, ಜಿಡ್ಡು ಅದಕ್ಕೆ ಸಿಕ್ಕಿಕೊಳ್ಳುತ್ತಾ ಹೋದಂತೆ ಅಣೆಕಟ್ಟಾಗುತ್ತದೆ. ಬೇಸಿಗೆಯಲ್ಲಿ ಬೆಳೆದ ಬೇರಿನ ತೊಂದರೆ ಹಲವು ಮನೆಗಳಲ್ಲಿ ಮುಂಗಾರಿನ ಮೊದಲ ಮಳೆಗೆ ಬಯಲಾಗಲು ಕಾರಣ, ಅದೇ ಬಿರುಕುಗಳಿಂದ ಮಳೆನೀರೂ ಒಳಬಂದು, ಕಿರಿದಾದ ಕೊಳವೆಗೆ ಹೊರೆ ಹೆಚ್ಚಾಗುವುದು.

ಎಲ್ಲ ಮರಗಳ ಗುಣವೂ ಒಂದೇ ಅಲ್ಲ. ತೆಂಗಿನ ಬೇರು ವರ್ಷ ಕಳೆದಂತೆ ದಪ್ಪವಾಗುವುದಿಲ್ಲ. ಪೊರಕೆಯಂತೆ ಕೊಳವೆಯೊಳಗೆ ತುಂಬಿಕೊಳ್ಳುತ್ತದೆ, ಕೊಳವೆಯನ್ನು ಒಡೆಯುವುದು ಅಪರೂಪ. ಆಲ, ಅರಳಿ, ಅತ್ತಿ, ಬಸರಿಯ ಬೇರು ಹಾಗಲ್ಲ. ದಾರದಂತೆ ನುಸುಳಿದ್ದು ಕೆಲವೇ ವರ್ಷಗಳಲ್ಲಿ ಹೆಬ್ಬೆರಳಿನ ಗಾತ್ರಕ್ಕೆ ಉಬ್ಬಿ ಕೊಳವೆಯ ಬಾಯನ್ನೇ ಸೀಳಿಬಿಡುತ್ತದೆ. ಆದ್ದರಿಂದ ಹತ್ತಿರದಲ್ಲಿ ಈ ಜಾತಿಯ ಮರವಿದ್ದರೆ ಕೆಲಸವನ್ನು ಮುಂದೂಡಬಾರದು.

ಕಟ್ಟಿರುವುದು ಬೇರಿನಿಂದಲೇ ಎಂದು ತಿಳಿಯುವುದು

ಒಂದೇ ಬೇಸಿನ್ನಿನ ನೀರು ನಿಧಾನವಾಗಿ ಇಳಿಯುತ್ತಿದ್ದರೆ ದೋಷ ಆ ಬೇಸಿನ್ನಿನದು. ಮನೆಯ ಎಲ್ಲ ನೀರೂ ಒಟ್ಟಿಗೆ ನಿಧಾನವಾದರೆ, ಕಮೋಡಿನಲ್ಲಿ ಗುಳುಗುಳು ಸದ್ದು ಬಂದರೆ, ವಾಷಿಂಗ್ ಮೆಷಿನ್ ನೀರು ಬಿಟ್ಟಾಗ ಬಚ್ಚಲುಮನೆಯ ನೆಲದಲ್ಲಿ ನೀರು ಇಳಿಯುವ ನಹಾನಿ ಟ್ರ್ಯಾಪಿನಿಂದ ನೀರು ಮೇಲೆದ್ದರೆ ದೋಷ ಹೊರಗಿನ ಮುಖ್ಯ ಕೊಳವೆಯಲ್ಲಿದೆ. ಒಮ್ಮೆ ಬಿಡಿಸಿದ ಮೇಲೆ ಮೂರು ನಾಲ್ಕು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಕಟ್ಟಿಕೊಳ್ಳುತ್ತಿದ್ದರೆ ಬೇರಿನ ಮೇಲೆ ಬಲವಾಗಿ ಅನುಮಾನ ಪಡಬಹುದು.

ಮುಂದಿನ ಹೆಜ್ಜೆ ಛೇಂಬರುಗಳ, ಅಂದರೆ ಕೊಳವೆಯ ದಾರಿಯಲ್ಲಿ ಅಲ್ಲಲ್ಲಿ ಕಟ್ಟಿರುವ ತಪಾಸಣೆಯ ಗುಂಡಿಗಳ, ಮುಚ್ಚಳ ತೆಗೆದು ನೋಡುವುದು. ಮುಚ್ಚಳ ತೆಗೆದ ತಕ್ಷಣ ಬಗ್ಗಿ ಮುಖ ಒಡ್ಡಬಾರದು. ಕನಿಷ್ಠ ಅರ್ಧ ಗಂಟೆ ತೆರೆದಿಟ್ಟು ಗಾಳಿಯಾಡಲು ಬಿಡಬೇಕು. ಬೆಂಕಿಕಡ್ಡಿ, ಬೀಡಿ, ದೀಪ ಯಾವುದೂ ಹತ್ತಿರವಿರಕೂಡದು. ಒಂದು ಛೇಂಬರ್ ತುಂಬಿದ್ದು ಅದರ ಮುಂದಿನದು ಖಾಲಿಯಿದ್ದರೆ, ಕಟ್ಟಿರುವುದು ಆ ಎರಡರ ನಡುವೆ. ಎಲ್ಲವೂ ತುಂಬಿದ್ದರೆ ಬೀದಿಯ ಮ್ಯಾನ್‌ಹೋಲ್ ತುಂಬಿರಬಹುದು. ಅದು ಮನೆಯವರು ಮುಟ್ಟುವ ಕೆಲಸವಲ್ಲ. ಬೆಂಗಳೂರಿನಲ್ಲಾದರೆ ಜಲಮಂಡಳಿಯ ಸಹಾಯವಾಣಿ 1916ಕ್ಕೆ, ಬೇರೆ ಊರುಗಳಲ್ಲಾದರೆ ನಗರಸಭೆ ಅಥವಾ ಪಾಲಿಕೆಯ ಒಳಚರಂಡಿ ವಿಭಾಗಕ್ಕೆ ದೂರು ಕೊಡಬೇಕು.

ಖಾಲಿ ಇರುವ ಛೇಂಬರಿನ ಕಡೆಯಿಂದ ಬಿದಿರಿನ ದಬ್ಬೆ ಅಥವಾ ರಾಡ್ ತೂರಿಸಿ, ಅದು ತಡೆದು ನಿಂತ ಕಡೆ ಛೇಂಬರಿನ ಗೋಡೆಯ ಮಟ್ಟಕ್ಕೆ ರಾಡಿನ ಮೇಲೆ ಟೇಪು ಸುತ್ತಿ ಗುರುತು ಮಾಡಿಕೊಳ್ಳಿ. ಹೊರಗೆಳೆದ ರಾಡನ್ನು ಕೊಳವೆ ಹೋಗಿರುವ ದಿಕ್ಕಿನಲ್ಲೇ ನೆಲದ ಮೇಲೆ ಮಲಗಿಸಿದರೆ ಅದರ ತುದಿ ನಿಲ್ಲುವ ಜಾಗದ ನೇರ ಕೆಳಗೆ ಬೇರಿದೆ. ಅಲ್ಲೊಂದು ಗೂಟ ನೆಡಿ. ಮುಂದೆ ಅಂಗಳವನ್ನೆಲ್ಲ ಅಗೆಯುವ ಖರ್ಚನ್ನು ಈ ಒಂದು ಅಳತೆ ಉಳಿಸುತ್ತದೆ. ಹಿಂತೆಗೆದ ರಾಡಿನ ತುದಿಗೆ ಎಳೆಎಳೆಯಾದ ನಾರು ಅಂಟಿಕೊಂಡು ಬಂದರೆ ಬೇರೆ ಸಾಕ್ಷಿ ಬೇಡ. ಕೊಳವೆಯೊಳಗೆ ಕ್ಯಾಮೆರಾ ಬಿಟ್ಟು ತೋರಿಸುವವರು ದೊಡ್ಡ ನಗರಗಳಲ್ಲಿದ್ದಾರೆ. ಓಟ ಉದ್ದವಿದ್ದು ಸಂದು ಎಲ್ಲಿದೆಯೆಂದು ಗೊತ್ತಾಗದಿದ್ದಾಗ ಆ ಖರ್ಚು ಸಾರ್ಥಕ.

ಕೊಳವೆಯನ್ನು ದೂರುವ ಮೊದಲು ಛೇಂಬರಿನ ಒಳಗೋಡೆಯನ್ನೂ ಟಾರ್ಚ್ ಹಾಕಿ ಮೇಲಿನಿಂದಲೇ ನೋಡಬೇಕು. ಒಳಗಿನ ಪ್ಲಾಸ್ಟರ್ ಉದುರಿ ಇಟ್ಟಿಗೆ ಕಾಣುವ ಕಡೆಯಿಂದ, ಅಥವಾ ಕೊಳವೆ ಗೋಡೆಯನ್ನು ಸೇರುವ ಸುತ್ತಿನಿಂದ ಬೇರು ಬಂದಿರುವುದು ಅಪರೂಪವಲ್ಲ. ಹಾಗಿದ್ದರೆ ನೀವು ಅದೃಷ್ಟವಂತರು, ಏಕೆಂದರೆ ಅದು ಗಾರೆ ಕೆಲಸದವರ ಒಂದು ದಿನದ ದುರಸ್ತಿ.

ಯಾರನ್ನೂ ಒಳಗೆ ಇಳಿಸಬೇಡಿ

ಮನೆಯ ಛೇಂಬರ್ ಎರಡು ಮೂರು ಅಡಿ ಆಳದ್ದಾದರೂ ಬೀದಿಯ ಮ್ಯಾನ್‌ಹೋಲ್, ಶೌಚಗುಂಡಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ತುಂಬಿರುತ್ತದೆ. ಕೊಳೆತ ಮೊಟ್ಟೆಯ ನಾತವಿರುವ ಈ ಅನಿಲ ಹೆಚ್ಚಾದಾಗ ಮೂಗಿನ ವಾಸನಾಶಕ್ತಿಯೇ ಸತ್ತುಹೋಗುವುದರಿಂದ, ವಾಸನೆ ಇಲ್ಲವೆಂದು ಇಳಿದವರು ಮೇಲೆ ಬರುವುದಿಲ್ಲ. ಇಳಿದವರನ್ನು ಉಳಿಸಲು ಹೋದವರೂ ಜೊತೆಗೇ ಸತ್ತ ಸುದ್ದಿಗಳನ್ನು ನಾವು ಪದೇ ಪದೇ ಓದುತ್ತಿದ್ದೇವೆ. ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಚರಂಡಿ ಅಥವಾ ಶೌಚಗುಂಡಿಯ ಅಪಾಯಕಾರಿ ಶುಚಿಗೆ ಮನುಷ್ಯರನ್ನು ಹಚ್ಚುವುದು ಅಪರಾಧ. ಮೊದಲ ಸಲದ ತಪ್ಪಿಗೇ ಎರಡು ವರ್ಷದವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಕಾನೂನು ಇರಲಿ ಬಿಡಲಿ, ಐನೂರು ರೂಪಾಯಿ ಹೆಚ್ಚು ಕೊಡುತ್ತೇನೆ, ಇಳಿ ಎಂದು ಒಬ್ಬ ಬಡವನಿಗೆ ಹೇಳುವ ಹಕ್ಕು ಯಾವ ಮನೆಯ ಯಜಮಾನನಿಗೂ ಇಲ್ಲ. ಮುಂದೆ ಹೇಳಿರುವ ಎಲ್ಲ ಕೆಲಸವೂ ನೆಲದ ಮೇಲೆ ನಿಂತೇ ಆಗುವಂಥದ್ದು.

ಬೇರು ಕತ್ತರಿಸುವುದು

ಮನೆಯವರೆಲ್ಲರೂ ಆ ಹೊತ್ತಿಗೆ ನೀರು ಬಿಡುವುದನ್ನು ನಿಲ್ಲಿಸಬೇಕು. ಮೊಣಕೈವರೆಗಿನ ರಬ್ಬರ್ ಗ್ಲೌಸು, ಗಂಬೂಟು, ಕಣ್ಣಿಗೆ ಕನ್ನಡಕ ಅಗತ್ಯ. ಖಾಲಿ ಛೇಂಬರಿನಿಂದ ನೀರು ಹೊರಹೋಗುವ ಬಾಯಿಗೆ ಕೋಳಿಗೂಡಿನ ಜಾಲರಿಯ ಒಂದು ತುಂಡನ್ನು ಬಾಗಿಸಿ ಅಡ್ಡ ಇಡಿ. ಇಲ್ಲದಿದ್ದರೆ ಕತ್ತರಿಸಿದ ಬೇರು ಹರಿದುಹೋಗಿ ಬೀದಿಯ ಕೊಳವೆಯಲ್ಲಿ ಕೂರುತ್ತದೆ. ತಿರುಪಿನಿಂದ ಒಂದಕ್ಕೊಂದು ಜೋಡಿಸುವ ರಾಡುಗಳಾದರೆ, ಒಳಗೆ ತಳ್ಳುವಾಗಲೂ ಹೊರಗೆ ಎಳೆಯುವಾಗಲೂ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸುತ್ತಿರಬೇಕು. ಹಿಂದುಮುಂದಾಗಿ ತಿರುಗಿಸಿದರೆ ತಿರುಪು ಬಿಚ್ಚಿ ತುದಿ ಒಳಗೇ ಉಳಿದುಬಿಡುತ್ತದೆ, ಆಮೇಲೆ ಅಗೆಯದೆ ಗತಿಯಿಲ್ಲ. ತಡೆ ಬಿಟ್ಟೊಡನೆ ಕಟ್ಟಿನಿಂತ ನೀರು ರಭಸದಿಂದ ನುಗ್ಗುವುದರಿಂದ ಕೊಳವೆಯ ಬಾಯಿಗೆ ನೇರವಾಗಿ ನಿಲ್ಲದೆ ಪಕ್ಕಕ್ಕೆ ನಿಂತು ಕೆಲಸ ಮಾಡಬೇಕು.

ಬರಿಯ ದಬ್ಬೆ ಬೇರಿನ ನಡುವೆ ತೂತು ಮಾಡುತ್ತದೆಯೇ ಹೊರತು ಬೇರನ್ನು ತೆಗೆಯುವುದಿಲ್ಲ. ತುದಿಗೆ ಕತ್ತರಿಸುವ ಅಲಗು ಇರುವ ಸ್ಪ್ರಿಂಗ್ ಮೆಷಿನ್ನೇ ಬೇಕು. ನೀರಿನ ಒತ್ತಡದ ಜೆಟ್ಟಿಂಗ್ ಯಂತ್ರ ಬಂದರೆ, ಕೊಳವೆ ಹಳೆಯ ಸ್ಟೋನ್‌ವೇರ್ ಎಂದು ಮೊದಲೇ ತಿಳಿಸಿ, ಒತ್ತಡವನ್ನು ಕಡಿಮೆಯಿಂದ ಆರಂಭಿಸಲು ಹೇಳಿ. ಸಡಿಲವಾದ ಗಾರೆಯನ್ನು ಆ ಧಾರೆ ಕಿತ್ತುಹಾಕಬಲ್ಲದು. ಕತ್ತರಿಸಿದ ಬೇರು ಮತ್ತೆ ಚಿಗುರುತ್ತದೆ, ಹಲವೊಮ್ಮೆ ಮೊದಲಿಗಿಂತ ಹೆಚ್ಚು ಕವಲೊಡೆದು. ಹೀಗಾಗಿ ಈ ಕೆಲಸದಿಂದ ಸಿಗುವುದು ಕೆಲವು ತಿಂಗಳ ಬಿಡುವು ಮಾತ್ರ. ಆ ಅವಧಿಯಲ್ಲಿ ಸಂದಿನ ದುರಸ್ತಿಗೆ ಏರ್ಪಾಡು ಮಾಡಿಕೊಳ್ಳಬೇಕು.

ಮೈಲುತುತ್ತ, ಆಸಿಡ್, ಉಪ್ಪು

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರಿಗೆ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಹೊಸದಲ್ಲ. ಅದನ್ನು ಕಮೋಡಿಗೆ ಸುರಿದರೆ ಬೇರು ಸಾಯುತ್ತದೆಂಬ ಮಾತು ಅರ್ಧ ನಿಜ. ತಾಗಿದ ಬೇರು ಸಾಯುತ್ತದೆ, ಆದರೆ ಪೂರ್ತಿ ಕಟ್ಟಿದ ಕೊಳವೆಯಲ್ಲಿ ಅದು ಬೇರಿನವರೆಗೆ ತಲುಪುವುದೇ ಇಲ್ಲ, ಸತ್ತ ಬೇರು ಕೂಡ ಅಲ್ಲೇ ಅಡ್ಡವಾಗಿರುತ್ತದೆ. ತಾಮ್ರವು ಕೊಳಚೆ ಶುದ್ಧೀಕರಿಸುವ ಸೂಕ್ಷ್ಮಜೀವಿಗಳಿಗೂ ಕೆರೆಯ ಮೀನಿಗೂ ವಿಷ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಕೌಂಟಿಗಳಲ್ಲಿ ಚರಂಡಿಗೆ ಇದನ್ನು ಬಳಸುವುದನ್ನು ಈ ಕಾರಣಕ್ಕೇ ನಿಷೇಧಿಸಿದ್ದಾರೆ. ಮಲೆನಾಡು, ಕರಾವಳಿಯ ಮನೆಗಳಂತೆ ಸೆಪ್ಟಿಕ್ ಟ್ಯಾಂಕ್ ಇರುವ ಕಡೆಯಂತೂ ಮೈಲುತುತ್ತ ಹಾಕಲೇಬಾರದು. ಟ್ಯಾಂಕಿನ ಜೀವಾಣುಗಳು ಸತ್ತರೆ ಮಲ ಕರಗದೆ ಇಂಗುಗುಂಡಿಯೂ ಕಟ್ಟಿಕೊಳ್ಳುತ್ತದೆ.

ಟಾಯ್ಲೆಟ್ ಆಸಿಡ್ ಬೇರಿಗಿಂತ ಮೊದಲು ತಿನ್ನುವುದು ಸಂದಿನ ಸಿಮೆಂಟನ್ನು. ಅದರ ಮೇಲೆ ಬ್ಲೀಚಿಂಗ್ ಪೌಡರ್ ಬಿದ್ದರೆ ಉಸಿರು ಕಟ್ಟಿಸುವ ಕ್ಲೋರಿನ್ ಏಳುತ್ತದೆ. ಕಲ್ಲುಪ್ಪು ಸುರಿದರೆ ಅದು ಜಿನುಗಿ ಮಣ್ಣನ್ನು ಕೆಡಿಸುತ್ತದೆ.

ಸಂದು ಮುಚ್ಚುವುದು

ನಿಜವಾದ ಚಿಕಿತ್ಸೆ ಇದು. ಗೂಟ ನೆಟ್ಟ ಜಾಗದಲ್ಲಿ ಎರಡು ಅಡಿ ಅಗಲಕ್ಕೆ ಅಗೆಯಿರಿ; ಕೊನೆಯ ಅರ್ಧ ಅಡಿಯನ್ನು ಪಿಕಾಸಿಯಿಂದ ಹೊಡೆಯದೆ ಸಣ್ಣ ಗುದ್ದಲಿಯಿಂದ ಕೆರೆಯಬೇಕು. ನಮ್ಮ ಹಿತ್ತಿಲಲ್ಲಿ ಕೊಳವೆ ಕಂಡಾಗ ಸಂದಿನ ಸುತ್ತ ಮಣ್ಣು ಕಪ್ಪಾಗಿ, ಕೈಗೆ ಅಂಟುವಷ್ಟು ಹಸಿಯಾಗಿತ್ತು. ಒಂದು ಗೇಣು ಆಚೆಗೆ ಬಿರುಬೇಸಿಗೆಯ ಒಣ ಕೆಮ್ಮಣ್ಣು. ಬೇರುಗಳೆಲ್ಲ ಆ ಕಪ್ಪು ಮಣ್ಣಿನಲ್ಲೇ ಬಲೆ ನೇಯ್ದಿದ್ದವು.

ಒಂದು ಸಂದಿಗೆ ಗಾರೆ ಮೆತ್ತಿ ಮುಚ್ಚಿಬಿಡುವ ಆಸೆ ಬರುತ್ತದೆ. ಪಕ್ಕದ ಸಂದುಗಳ ವಯಸ್ಸೂ ಅಷ್ಟೇ ಆಗಿರುವುದರಿಂದ ಬೇರು ಎರಡು ಅಡಿ ಸರಿದು ಮತ್ತೆ ಹೊಕ್ಕುತ್ತದೆ. ಎರಡು ಛೇಂಬರುಗಳ ನಡುವಿನ ಓಟವನ್ನು ಪೂರ್ತಿ ಬದಲಿಸುವುದೇ ಉಚಿತ. ಪಿವಿಸಿ ಕೊಳವೆ ಆರು ಮೀಟರ್, ಅಂದರೆ ಸುಮಾರು ಇಪ್ಪತ್ತು ಅಡಿ ಉದ್ದದಲ್ಲಿ ಸಿಗುತ್ತದೆ. ಹತ್ತು ಸಂದಿದ್ದ ಕಡೆ ಒಂದೂ ಇಲ್ಲದಂತೆ ಮಾಡಬಹುದು. ನೆಲದಡಿಗೆಂದೇ ತಯಾರಾಗುವ ಕಂದು ಬಣ್ಣದ ದಪ್ಪ ಕೊಳವೆಯನ್ನೇ ಕೇಳಿ ತನ್ನಿ. ಸೇರಿಸಲೇಬೇಕಾದ ಕಡೆ ಕೊಳವೆಯ ತುದಿಯನ್ನು ಒರೆಸಿ ಒಣಗಿಸಿ, ಸುತ್ತಲೂ ಸಾಲ್ವೆಂಟ್ ಸಿಮೆಂಟ್ (ಪಿವಿಸಿ ಅಂಟಿಸುವ ಗೋಂದು) ಹಚ್ಚಿ, ತಿರುವುತ್ತಾ ಪೂರ್ತಿ ಒಳಗೆ ಕೂರಿಸಬೇಕು.

ಇಳಿಜಾರು ನಾಲ್ಕು ಇಂಚಿನ ಕೊಳವೆಗೆ ನಲವತ್ತು ಅಡಿಗೆ ಒಂದು ಅಡಿ, ಅಂದರೆ ಹತ್ತು ಅಡಿಗೆ ಮೂರು ಇಂಚು; ಆರು ಇಂಚಿನದಕ್ಕೆ ಹತ್ತು ಅಡಿಗೆ ಎರಡು ಇಂಚು. ಕಣ್ಣಳತೆಯನ್ನು ನಂಬದೆ ಟ್ಯೂಬ್ ಲೆವೆಲ್, ಅಂದರೆ ನೀರು ತುಂಬಿದ ಪಾರದರ್ಶಕ ನಳಿಗೆಯ ಮಟ್ಟ, ಹಿಡಿಸಿ. ತಳದಲ್ಲಿ ಕಲ್ಲು ಆಯ್ದು, ನಾಲ್ಕು ಇಂಚು ಮರಳು ಹಾಸಿ ಅದರ ಮೇಲೆ ಕೊಳವೆ ಮಲಗಿಸಬೇಕು. ಛೇಂಬರಿನ ಗೋಡೆಗೆ ಸೇರುವ ಜಾಗದಲ್ಲಿ ನಯವಾದ ಪಿವಿಸಿಗೆ ಗಾರೆ ಹಿಡಿಯುವುದಿಲ್ಲ. ಅಷ್ಟು ಭಾಗದ ಸುತ್ತಲೂ ಸಾಲ್ವೆಂಟ್ ಸಿಮೆಂಟ್ ಹಚ್ಚಿ ಒರಟು ಮರಳು ಉದುರಿಸಿ ಒಣಗಿಸಿದರೆ ಕಚ್ಚಿಕೊಳ್ಳುತ್ತದೆ. ಬಹಳ ಮನೆಗಳಲ್ಲಿ ಹೊಸ ಕೊಳವೆಗೂ ಬೇರು ಬರುವುದು ಈ ಒಂದು ಸಣ್ಣ ಅಲಕ್ಷ್ಯದಿಂದ.

ಮಣ್ಣು ಮುಚ್ಚುವ ಮೊದಲು ಪರೀಕ್ಷೆ ಆಗಲೇಬೇಕು. ಕೆಳತುದಿಯನ್ನು ಪ್ಲಾಸ್ಟಿಕ್ ಸುತ್ತಿದ ಗೋಣಿಯಿಂದ ಬಿಗಿಯಾಗಿ ಮುಚ್ಚಿ, ಮೇಲಿನ ಛೇಂಬರಿನಲ್ಲಿ ಕೊಳವೆಯ ಬಾಯಿ ಮುಳುಗುವಷ್ಟು ನೀರು ತುಂಬಿಸಿ, ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಅರ್ಧ ಗಂಟೆಯಲ್ಲಿ ಗೆರೆಯಿಂದ ನೀರು ಇಳಿದರೆ ಎಲ್ಲೋ ಸೋರುತ್ತಿದೆ. ಸಂಜೆಯಾಯಿತು, ಮುಚ್ಚಿಬಿಡೋಣ ಎಂದು ಕೆಲಸಗಾರರು ಅವಸರಿಸಿದರೂ ಒಪ್ಪಬೇಡಿ.

ಅಗೆತದಲ್ಲಿ ಅಡ್ಡ ಬಂದ ಬೇರನ್ನು ಹಾರೆಯಿಂದ ಜಜ್ಜಿ ಕೀಳದೆ ಗರಗಸದಿಂದ ನೇರವಾಗಿ ಕತ್ತರಿಸಿ. ಜಜ್ಜಿದ ಗಾಯದಲ್ಲಿ ಶುರುವಾದ ಕೊಳೆಯುವಿಕೆ ಮರದವರೆಗೆ ಹಬ್ಬುತ್ತದೆ. ಕಾಂಡದ ಅಗಲದ ಐದು ಪಟ್ಟು ದೂರದೊಳಗಿನ ದಪ್ಪ ಬೇರುಗಳನ್ನು ಮುಟ್ಟಕೂಡದು, ಗಾಳಿಮಳೆಗೆ ಮರ ನಿಲ್ಲುವುದು ಅವುಗಳ ಮೇಲೆ. ಅಲ್ಲಿಯೇ ಕೊಳವೆ ಹಾದಿದ್ದರೆ ಕೊಳವೆಯ ದಾರಿಯನ್ನೇ ಬದಲಿಸಿ. ಬೀದಿಬದಿಯ ಮರವಂತೂ ನಮ್ಮದಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿಯಿಲ್ಲದೆ ಅದನ್ನು ಕಡಿಯುವಂತಿಲ್ಲ.

ಕೆಲಸ ಮುಗಿದ ದಿನವೇ, ಕಣ್ಣಿಗೆ ಕೊಳವೆ ಕಾಣುತ್ತಿರುವಾಗಲೇ, ಗೋಡೆಯಿಂದ ಎಷ್ಟು ಅಡಿಗೆ, ಎಷ್ಟು ಆಳಕ್ಕೆ, ಯಾವ ದಿಕ್ಕಿಗೆ ಅದು ಹೋಗಿದೆ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ನಮ್ಮ ಮನೆಯಲ್ಲಿ ಆ ನಕ್ಷೆ ಮೀಟರ್ ಬೋರ್ಡಿನ ಬಾಗಿಲ ಒಳಬದಿಗೆ ಅಂಟಿದೆ. ಅದರ ಕೆಳಗೆ ಪ್ರತಿ ಫೆಬ್ರುವರಿ ಮತ್ತು ಮೇ ತಿಂಗಳಲ್ಲಿ ಛೇಂಬರ್ ತೆರೆದು ನೋಡಿದ ದಿನಾಂಕವನ್ನು ಬರೆಯುತ್ತೇವೆ.