ದಮ್ಮಿನವರಿಗೆ ಸ್ಟೀರಾಯ್ಡ್ ಪಫ್ ಕೊಡುವ ಮುನ್ನ ನಾನು ನೋಡುವುದು

ನಾನು ಶ್ವಾಸಕೋಶದ ವೈದ್ಯ, ಕೆಲಸ ಮಲೆನಾಡಿನ ಅಂಚಿನ ಊರೊಂದರಲ್ಲಿ. ದಮ್ಮು ಎಂದು ಬರುವವರಲ್ಲಿ ಅಸ್ತಮಾದವರು, ಸಿಒಪಿಡಿಯವರು (ಹೆಚ್ಚಾಗಿ ಹೊಗೆಯಿಂದ ಶ್ವಾಸನಾಳ ಕಿರಿದಾಗಿಯೇ ಉಳಿಯುವ ಕಾಯಿಲೆ) ಜಾಸ್ತಿ. ಎಷ್ಟೋ ಸಲ ಇಬ್ಬರ ಕೈಯಲ್ಲೂ ಒಂದೇ ಸ್ಟೀರಾಯ್ಡ್ ಬೆರೆತ ಪಫ್ ಇರುತ್ತದೆ. ಅಸ್ತಮಾದವರಿಗೆ ಅದು ಜೀವ ಕಾಯುವ ಔಷಧ. ಬೀಡಿ ಸೇದಿ ಸಿಒಪಿಡಿ ಬಂದವರಲ್ಲಿ ಹಲವರಿಗೆ ಅದರಿಂದ ಸಿಗುವ ಲಾಭ ಕಡಿಮೆ. ಇದಕ್ಕೆ ಎಪಿಜೆನೆಟಿಕ್ಸ್ (ಜೀನ್ ಬದಲಾಗದೆಯೇ ಅದು ತೆರೆದುಕೊಳ್ಳುವ, ಮುಚ್ಚಿಕೊಳ್ಳುವ ಬಗೆಯ ಅಧ್ಯಯನ) ಕೊಡುವ ಕಾರಣ ತಿಳಿದ ಮೇಲೆ ನಾನು ಚೀಟಿ ಬರೆಯುವ ರೀತಿಯೇ ಬದಲಾಯಿತು.

ನಮ್ಮ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ನೂಲಿನಂತೆ ಸುತ್ತಿಕೊಂಡಿರುತ್ತದೆ. ಹಿಸ್ಟೋನಿಗೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿದರೆ ಸುತ್ತು ಸಡಿಲವಾಗುತ್ತದೆ, ಅಲ್ಲಿನ ಜೀನ್ ಕೆಲಸ ಶುರು ಮಾಡುತ್ತದೆ. ಉರಿಯೂತದ ಜೀನ್‌ಗಳು ಹೀಗೆಯೇ ತೆರೆದುಕೊಳ್ಳುತ್ತವೆ. ಸ್ಟೀರಾಯ್ಡ್ ಒಳಗೆ ಹೋದಾಗ ಎಚ್‌ಡಿಎಸಿ2 ಎಂಬ ಕಿಣ್ವವನ್ನು ಆ ಜಾಗಕ್ಕೆ ಕರೆತರುತ್ತದೆ. ಅಸಿಟೈಲನ್ನು ಕಿತ್ತು ಸುತ್ತನ್ನು ಮತ್ತೆ ಬಿಗಿ ಮಾಡುವುದು ಆ ಕಿಣ್ವದ ಕೆಲಸ. ಆದರೆ ಹೊಗೆ ತರುವ ಆಕ್ಸಿಡೇಟಿವ್ ಒತ್ತಡ, ಅಂದರೆ ಜೀವಕೋಶವನ್ನು ಕೆಡಿಸುವ ಚುರುಕು ಆಮ್ಲಜನಕ ಕಣಗಳ ಹಾವಳಿ, ಈ ಕಿಣ್ವವನ್ನೇ ಹಾಳು ಮಾಡುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕಜುಹಿರೊ ಇಟೊ, ಪೀಟರ್ ಬಾರ್ನ್ಸ್ ತಂಡ 2005ರಲ್ಲಿ ತೋರಿಸಿದ್ದು ಇದು: ಸಿಒಪಿಡಿ ತೀವ್ರವಾದಷ್ಟೂ ಶ್ವಾಸಕೋಶದಲ್ಲಿ ಎಚ್‌ಡಿಎಸಿ ಕಿಣ್ವಗಳ ಚಟುವಟಿಕೆ ಕಡಿಮೆ. ಕೆಲಸದ ಆಳೇ ಇಲ್ಲದ ಕಡೆ ಸ್ಟೀರಾಯ್ಡಿನ ಡೋಸ್ ಏರಿಸುತ್ತಾ ಹೋದರೆ ಏನು ಬಂತು? ನ್ಯುಮೋನಿಯಾ ಅಪಾಯ ಮಾತ್ರ ಏರುತ್ತದೆ.

ಹಾಗಾಗಿ ನಾನು ಮೊದಲು ಸ್ಪೈರೋಮೆಟ್ರಿ, ಅಂದರೆ ಯಂತ್ರಕ್ಕೆ ಊದಿಸಿ ಉಸಿರು ಅಳೆಯುವ ಪರೀಕ್ಷೆ, ಮಾಡಿಸುತ್ತೇನೆ. ಶ್ವಾಸನಾಳ ಹಿಗ್ಗಿಸುವ ಪಫ್ ಎಳೆದ ಮೇಲೂ ಎಫ್‌ಇವಿ1 (ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿ), ಎಫ್‌ವಿಸಿ (ಒಟ್ಟು ಊದಿದ ಗಾಳಿ) ಇವುಗಳ ಅನುಪಾತ 0.7ಕ್ಕಿಂತ ಕೆಳಗಿದ್ದರೆ ಸಿಒಪಿಡಿ ಎನ್ನಲು ಆಧಾರ ಸಿಕ್ಕಂತೆ. ಆಮೇಲೆ ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ಲೆಕ್ಕ, ಮೈಕ್ರೋಲೀಟರಿಗೆ ಎಷ್ಟು ಎಂದು. ಪದೇ ಪದೇ ದಮ್ಮು ಉಲ್ಬಣಿಸುವವರಲ್ಲಿ ಅದು 300 ಅಥವಾ ಮೇಲಿದ್ದರೆ ಸ್ಟೀರಾಯ್ಡಿಗೆ ಬಲವಾದ ಕಾರಣವಿದೆ. 100ಕ್ಕಿಂತ ಕಡಿಮೆ ಇದ್ದರೆ ಲಾಭದ ನಿರೀಕ್ಷೆ ಬೇಡ. ನಮ್ಮಲ್ಲಿ ಹೊಟ್ಟೆಹುಳದಿಂದಲೂ ಈ ಲೆಕ್ಕ ಏರುತ್ತದೆ. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಇಳಿಯುತ್ತದೆ. ಅದಕ್ಕೇ ಒಂದೇ ರಿಪೋರ್ಟ್ ನಂಬಿ ತೀರ್ಮಾನ ಮಾಡುವುದಿಲ್ಲ. ಹಿಂದೆ ಟಿಬಿ ಬಂದಿತ್ತಾ ಅಂತ ತಪ್ಪದೆ ಕೇಳುತ್ತೇನೆ. ಬಂದಿದ್ದರೆ ಸ್ಟೀರಾಯ್ಡ್ ವಿಷಯದಲ್ಲಿ ಇನ್ನೂ ಹುಷಾರು. ಉಳಿದ ಸಿಒಪಿಡಿಯವರಿಗೆ ಶ್ವಾಸನಾಳ ಹಿಗ್ಗಿಸುವ ಎರಡು ದೀರ್ಘಕಾಲದ ಔಷಧಗಳು ಸೇರಿದ ಪಫ್ ಮುಖ್ಯ. ಅಸ್ತಮಾ ಇರುವವರು ಇದನ್ನೋದಿ ಪಫ್ ನಿಲ್ಲಿಸಬೇಡಿ, ದಯವಿಟ್ಟು. ಸಿಒಪಿಡಿಯವರೂ ವೈದ್ಯರನ್ನು ಕೇಳದೆ ಬಿಡಬಾರದು.

ಥಿಯೊಫಿಲಿನ್ ಎಂಬ ದಮ್ಮಿನ ಹಳೇ ಔಷಧದ ಬಗ್ಗೆಯೂ ಹೇಳಬೇಕು. ನಮ್ಮ ಕಡೆ ಡೆರಿಫಿಲಿನ್ ಹೆಸರು ಕೇಳದವರಿಲ್ಲ. ಅದರಲ್ಲಿರುವುದೂ ಇದೇ ಥಿಯೊಫಿಲಿನ್, ಜೊತೆಗೆ ಎಟೊಫಿಲಿನ್. ಕಡಿಮೆ ಡೋಸಿನ ಥಿಯೊಫಿಲಿನ್ ಎಚ್‌ಡಿಎಸಿ2 ಚಟುವಟಿಕೆಯನ್ನು ಮತ್ತೆ ಏರಿಸುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಾಗ ನಮಗೆಲ್ಲ ದೊಡ್ಡ ಆಸೆ ಹುಟ್ಟಿತ್ತು. ಹಳೇ ಅಗ್ಗದ ಮಾತ್ರೆ, ಬಡವರಿಗೂ ಎಟುಕುತ್ತದೆ ಅಲ್ವಾ? ಬ್ರಿಟನ್ನಿನಲ್ಲಿ 1,500ಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. 2018ರಲ್ಲಿ ಫಲಿತಾಂಶ ಬಂತು. ಸ್ಟೀರಾಯ್ಡ್ ಪಫ್ ಜೊತೆ ಇದನ್ನು ಕೊಟ್ಟರೂ ದಮ್ಮು ಉಲ್ಬಣಿಸುವುದು ತಗ್ಗಲಿಲ್ಲ. ಸುಂದರವಾದ ವಿವರಣೆ ಇದ್ದ ಮಾತ್ರಕ್ಕೆ ಔಷಧ ಕೆಲಸ ಮಾಡಲೇಬೇಕೆಂದಿಲ್ಲ. ಆ ಉದ್ದೇಶಕ್ಕೆ ನಾನು ಅದನ್ನು ಬರೆಯುವುದಿಲ್ಲ.

ಹಾಗಾಗಿ ನನ್ನ ಹೆಚ್ಚಿನ ಸಮಯ ಹೊಗೆಯ ಮಾತಿಗೇ ಹೋಗುತ್ತದೆ. ಬೀಡಿ ಬಗ್ಗೆ ಎಲ್ಲರೂ ಕೇಳುತ್ತಾರೆ, ಒಲೆ ಬಗ್ಗೆ ಕೇಳುವವರು ಕಡಿಮೆ. ಹೆಂಗಸರನ್ನು ‘ಸೌದೆ ಒಲೆ ಇದೆಯಾ ಅಮ್ಮಾ?’ ಎಂದರೆ ‘ಇಲ್ಲ ಡಾಕ್ಟ್ರೇ, ಗ್ಯಾಸ್ ಬಂದು ಎಷ್ಟೋ ವರ್ಷ ಆಯ್ತು’ ಎನ್ನುತ್ತಾರೆ. ‘ಸ್ನಾನದ ನೀರು?’ ಎಂದು ಕೇಳಬೇಕು. ಬಚ್ಚಲು ಮನೆಯ ಹಂಡೆಗೆ ದಿನಾ ಬೆಳಿಗ್ಗೆ ಅವರೇ ಉರಿ ಹಾಕುತ್ತಾರೆ, ಮಳೆಗಾಲದಲ್ಲಿ ಹಸಿ ಸೌದೆಯಿಂದ. ಪಫ್ ಬದಲಿಸುವ ಮೊದಲು ಆ ಉರಿಯನ್ನು ಮನೆಯ ಬೇರೆಯವರು ವಹಿಸಿಕೊಳ್ಳುವಂತೆ, ಹೊಗೆ ಹೊರಹೋಗಲು ಕೊಳವೆ ಹಾಕಿಸುವಂತೆ ಹೇಳುತ್ತೇನೆ. ಜೊತೆಗೆ ಬಂದ ಮಗನಿಗೂ ಅಲ್ಲೇ ಹೇಳುತ್ತೇನೆ. ಅಮ್ಮ ತಾನಾಗಿ ಕೇಳುವವರಲ್ಲ.

ಬೀಡಿ ಬಿಟ್ಟವರದು ಇನ್ನೊಂದು ಪ್ರಶ್ನೆ. ‘ಬಿಟ್ಟು ವರ್ಷ ಆಯ್ತಲ್ಲ ಸಾರ್, ಇನ್ನೂ ಯಾಕೆ ದಮ್ಮು?’ ಅವರಿಗೆ ನಾನು ಎಎಚ್‌ಆರ್‌ಆರ್ ಎಂಬ ಜೀನಿನ ವಿಷಯ ಹೇಳುತ್ತೇನೆ, ಹೆಸರು ಬಿಟ್ಟು. ಧೂಮಪಾನಿಗಳ ರಕ್ತದಲ್ಲಿ ಈ ಜೀನಿನ ಒಂದು ಜಾಗದಲ್ಲಿ ಮೀಥೈಲ್ ಗುರುತು (ಡಿಎನ್‌ಎಗೇ ಅಂಟುವ ಇನ್ನೊಂದು ರಾಸಾಯನಿಕ ಗುಂಪು) ಕಡಿಮೆಯಾಗಿರುತ್ತದೆ. ಬಿಟ್ಟ ಮೇಲೆ ಅದು ನಿಧಾನವಾಗಿ, ವರ್ಷಗಟ್ಟಲೆ ತೆಗೆದುಕೊಂಡು ತುಂಬುತ್ತಾ ಬರುತ್ತದೆ. ಸಿಒಪಿಡಿಯಲ್ಲಿ ಉರಿಯೂತವೂ ಬೀಡಿ ಬಿಟ್ಟ ದಿನವೇ ನಿಲ್ಲುವುದಿಲ್ಲ. ಹರಿದ ಗಾಳಿಚೀಲ ಮತ್ತೆ ಹೊಲಿಯುವುದಿಲ್ಲ, ನಿಜ. ಆದರೆ ಉಸಿರಿನ ಶಕ್ತಿ ಇಳಿಯುವ ವೇಗ ತಗ್ಗುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ವರ್ಷಕ್ಕೊಮ್ಮೆ ಸ್ಪೈರೋಮೆಟ್ರಿ ಮಾಡಿಸಿ ಹಳೇ ಕಾಗದ, ಹೊಸ ಕಾಗದ ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಎಫ್‌ಇವಿ1 ಸಂಖ್ಯೆಗೆ ಗೀಟು ಹಾಕಿ ತೋರಿಸುತ್ತೇನೆ.