ಕೊನೆ ಗೊತ್ತಿದ್ದೂ ಓದುವ ಕಾದಂಬರಿಗಳು

ದುರ್ಗ ಬೀಳುತ್ತದೆ. ಪುಸ್ತಕ ತೆರೆಯುವ ಮೊದಲೇ ಅದು ಗೊತ್ತು. 1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಗೆದ್ದ ಅಂತ ಶಾಲೆಯಲ್ಲೇ ಓದಿದ್ದೇವೆ. ತ.ರಾ.ಸು. ಅವರಂತೂ ಅದನ್ನು ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ: 'ದುರ್ಗಾಸ್ತಮಾನ'. ಆದರೂ ಕೊನೆಯ ಭಾಗ ಓದುವಾಗ, ಹೇಗಾದರೂ ಮಾಡಿ ಮದಕರಿನಾಯಕ ಉಳಿದುಕೊಳ್ಳಲಿ ಅಂತ ಮನಸ್ಸು ಬೇಡಿಕೊಳ್ಳುತ್ತಿತ್ತು. ಅವತ್ತು ಯಶವಂತಪುರದಲ್ಲಿ ಇಳಿಯಬೇಕಾದವಳು ಗೊರಗುಂಟೆಪಾಳ್ಯಕ್ಕೆ ಹೋಗಿ ವಾಪಸ್ ಬಂದೆ.

ನಾನು ಓದುವುದು ಹೆಚ್ಚಾಗಿ ಮೆಟ್ರೋದಲ್ಲೇ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಹತ್ತುತ್ತೇನೆ. ಸೀಟು ಸಿಕ್ಕರೆ ಸರಿ, ಇಲ್ಲದಿದ್ದರೆ ಬಾಗಿಲ ಪಕ್ಕ ಒರಗಿ ನಿಂತುಕೊಂಡೇ ಓದು. ಕಳೆದ ಕೆಲವು ವರ್ಷಗಳಿಂದ ಒಂದು ಹಳೆಯ ಕಾಲದ ಕಾದಂಬರಿ, ಅದು ಮುಗಿದ ಮೇಲೆ ನಮ್ಮ ಕಾಲದ್ದೊಂದು, ಹೀಗೆ ಓದುತ್ತಾ ಬಂದಿದ್ದೇನೆ.

ಮೊದಮೊದಲು ಐತಿಹಾಸಿಕ ಕಾದಂಬರಿಯನ್ನು ಇತಿಹಾಸ ಕಲಿಯಲು ಓದುತ್ತಿದ್ದೆ. ಇಸವಿ ಕಂಡಲ್ಲೆಲ್ಲ ಪೆನ್ಸಿಲಿನಲ್ಲಿ ಗೆರೆ. ಆಮೇಲೆ ನೋಡಿದರೆ, ಗೆರೆ ಎಳೆದ ಸಾಲುಗಳಲ್ಲಿ ಒಂದೂ ನೆನಪಿನಲ್ಲಿ ಉಳಿದಿರಲಿಲ್ಲ. ಈಗ ಉಲ್ಟಾ ಮಾಡುತ್ತೇನೆ. ಮೊದಲು ಆ ಕಾಲದ ಇತಿಹಾಸವನ್ನು ನಾಲ್ಕೈದು ಪುಟ ಓದಿಕೊಳ್ಳುತ್ತೇನೆ. ಯಾರು ಗೆದ್ದರು, ಯಾರು ಸತ್ತರು ಎಲ್ಲ ಗೊತ್ತಾಗಲಿ. ಅಷ್ಟು ಗೊತ್ತಾದ ಮೇಲೂ ಪುಟ ತಿರುಗಿಸುವಂತೆ ಮಾಡಿದರೆ ಆ ಬರಹಗಾರರಿಗೆ ನಾನು ಸೋತೆ.

ಹಾಗೆ ಪೂರ್ತಿ ಸೋತದ್ದು ಮಾಸ್ತಿಯವರಿಗೆ. ಅವರು ಬಾಳಿದ ಮನೆ ಗವಿಪುರದಲ್ಲಿದೆ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. 'ಚಿಕವೀರ ರಾಜೇಂದ್ರ' ಓದುವ ಮೊದಲು ನನಗೆ ಗೊತ್ತಿದ್ದದ್ದು ಇಷ್ಟು: 1834ರಲ್ಲಿ ಇಂಗ್ಲಿಷರು ಅವನನ್ನು ಕೊಡಗಿನ ಗದ್ದುಗೆಯಿಂದ ಇಳಿಸಿದರು, ಅವನು 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಕಾದಂಬರಿಯ ರಾಜ ಕುಡುಕ, ಕ್ರೂರಿ. ಮಾಸ್ತಿ ಒಂದನ್ನೂ ಮುಚ್ಚಿಡುವುದಿಲ್ಲ. ಆದರೆ ಬೈಯುವುದೂ ಇಲ್ಲ. ಅಂಥವನ ಜೊತೆ ಬಾಳುವ ರಾಣಿ ಗೌರಮ್ಮಾಜಿ, ಅವನ ನೆರಳಿನಂತಿರುವ ಕುಂಟ ಬಸವ, ರಾಜನನ್ನು ಉಳಿಸಬೇಕೋ ರಾಜ್ಯವನ್ನೋ ಅಂತ ಒದ್ದಾಡುವ ಮಂತ್ರಿಗಳು. ಯಾರ ಮಾತು ಕೇಳಿದರೂ ಅವರದೇ ಸರಿ ಅನ್ನಿಸುತ್ತದೆ. ರಾಜ್ಯ ಹೋಗುತ್ತದೆ ಅಂತ ಗೊತ್ತಿತ್ತು. ಅದು ಒಂದು ಮನೆ ಒಡೆದ ಹಾಗೆ, ಊಟದ ಹೊತ್ತಿನ ಮಾತುಗಳಲ್ಲಿ, ಸಣ್ಣ ಸಣ್ಣ ಮುನಿಸುಗಳಲ್ಲಿ ಹೋಗುತ್ತದೆ ಅಂತ ಗೊತ್ತಿರಲಿಲ್ಲ. ಇಂಗ್ಲಿಷ್ ಅಧಿಕಾರಿಗಳ ಮಾತುಕತೆ ಮಾತ್ರ ನನಗೆ ಎಳೆದ ಹಾಗೆ ಅನ್ನಿಸಿತು. ಕಥೆ ಮಡಿಕೇರಿಗೆ ಯಾವಾಗ ವಾಪಸ್ ಬರುತ್ತದೋ ಅಂತ ಕಾಯುತ್ತಿದ್ದೆ.

ವಸುಧೇಂದ್ರರ 'ತೇಜೋ ತುಂಗಭದ್ರಾ' 2019ರದ್ದು. ಲಿಸ್ಬನ್ನಿನ ತೇಜೋ ನದಿಯಿಂದ ವಿಜಯನಗರದ ತುಂಗಭದ್ರೆಯವರೆಗೆ ಕಥೆ. ಸಮುದ್ರಯಾನದ ಭಾಗಗಳನ್ನು ಬೇಗ ಬೇಗ ಓದಿದೆ, ಅಷ್ಟು ಚೆನ್ನಾಗಿವೆ. ಆದರೆ ಕೆಲವು ಕಡೆ ಮಾಹಿತಿಯ ಭಾರ ಜಾಸ್ತಿಯಾಯಿತು ಅನ್ನಿಸಿದ್ದೂ ನಿಜ. ಪಾತ್ರ ಒಂದು ಗಳಿಗೆ ಸುಮ್ನೆ ನಿಂತು, ಆ ಕಾಲ ಮಾತಾಡತೊಡಗುತ್ತದೆ. ಹಾಗಿದ್ದೂ ಅದರಲ್ಲಿನ ಹಂಪಮ್ಮ ಇನ್ನೂ ನನ್ನ ಜೊತೆಗಿದ್ದಾಳೆ.

ನಮ್ಮ ಕಾಲದ ಕಾದಂಬರಿಗೆ ನನ್ನ ಪರೀಕ್ಷೆ ಬೇರೆಯೇನಲ್ಲ. ಅಲ್ಲಿ ನನಗೆ ಮೊದಲೇ ಗೊತ್ತಿರುವುದು ಊರು. ವಿವೇಕ ಶಾನಭಾಗರ 'ಘಾಚರ್ ಘೋಚರ್' ಇದೇ ಬೆಂಗಳೂರಿನದು. ಇರುವೆ ಮುತ್ತುವ ಪುಟ್ಟ ಮನೆ, ಆಮೇಲೆ ಮಸಾಲೆ ವ್ಯಾಪಾರದಿಂದ ಬರುವ ದುಡ್ಡು. ಚಿಕ್ಕ ಮನೆಯಿಂದ ದೊಡ್ಡ ಮನೆಗೆ ಹೋದ ಎಷ್ಟೋ ಸಂಸಾರಗಳನ್ನು ನಾನೂ ನೋಡಿದ್ದೇನೆ. ದುಡ್ಡು ಬಂದ ಮೇಲೆ ಮನೆಯವರು ಒಬ್ಬರನ್ನೊಬ್ಬರು ಕಾಯುವ ರೀತಿ ಹೇಗೆ ಬದಲಾಗುತ್ತದೆ ಅಂತ ಮಾತ್ರ ನೋಡಿರಲಿಲ್ಲ. ಮೊದಲ ಸಲ ಮುಗಿಸಿದಾಗ ಕೋಪ ಬಂತು. ಏನಾಯಿತು ಅಂತ ಬಾಯಿಬಿಟ್ಟು ಹೇಳುವುದೇ ಇಲ್ಲ. ಎರಡನೇ ಸಲ ಓದಿದಾಗ ಆ ಮೌನಕ್ಕೇ ಹೆದರಿದೆ. ದುರ್ಗದ ಕೊನೆ ಓದುವ ಮೊದಲೇ ಗೊತ್ತು. ಇದರ ಕೊನೆ ಓದಿದ ಮೇಲೂ ಗಂಟಲಲ್ಲೇ ಉಳಿಯುತ್ತದೆ.

ಆಫೀಸಿನಲ್ಲಿ ಚಿತ್ರದುರ್ಗದವರೊಬ್ಬರಿದ್ದಾರೆ. "ನಮ್ಮೂರ ಕಥೆ ನಮಗೆ ಗೊತ್ತಿಲ್ವಾ ಮೇಡಂ? ಆದ್ರೂ ಪ್ರತಿ ಸಲ ಅಳು ಬರುತ್ತೆ" ಅಂದಿದ್ದರು. ನಾನು ಎರಡನೇ ಓದು ಶುರು ಮಾಡಿದ್ದೇ ಅವರ ಈ ಮಾತಿನಿಂದ.

ಈಗ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ನಡೆಯುತ್ತಿದೆ, ಮೂರನೇ ಸಲ. ನನ್ನ ಮಟ್ಟಿಗೆ ಇದೂ ಐತಿಹಾಸಿಕ ಕಾದಂಬರಿಯೇ. ಹತ್ತೊಂಬತ್ತನೇ ಶತಮಾನದ ಕೊನೆಯ ಮಲೆನಾಡು ಇದರಲ್ಲಿದೆ, ರಾಜರಿಲ್ಲ ಅಷ್ಟೇ. ಜನ ಬಹಳ, ಅದಕ್ಕೆ ಮೊದಲ ಓದಿನಲ್ಲೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮನೆ ಮನೆಯ ಹೆಸರು ಬರೆದುಕೊಂಡಿದ್ದೆ. ಮೊದಲ ನೂರು ಪುಟಕ್ಕೆ ಅದು ಬೇಕೇ ಬೇಕು. ತಿಮ್ಮಿಗಾಗಿ ಹೊರಟ ನಾಯಿಗುತ್ತಿ, ಅವನ ಹಿಂದೆ ಅವನ ನಾಯಿ ಹುಲಿಯ. ಆ ನಾಯಿಗೆ ಮುಂದೆ ಏನಾಗುತ್ತದೆ ಅಂತ ನನಗೆ ಗೊತ್ತು. ಅದಕ್ಕೇ ಈ ವಾರ ದಿನಕ್ಕೆ ಎಂಟು ಹತ್ತು ಪುಟ, ಅಷ್ಟೇ. ಇವತ್ತು ರೈಲು ಮಹಾಕವಿ ಕುವೆಂಪು ರಸ್ತೆ ನಿಲ್ದಾಣ ಬಿಡುವಾಗಲೇ ಪುಸ್ತಕ ಮುಚ್ಚಿಟ್ಟೆ. ಹುಲಿಯ ಇನ್ನೂ ಗುತ್ತಿಯ ಹಿಂದೆಯೇ ಓಡಾಡಿಕೊಂಡಿದ್ದಾನೆ.