ಬಿಟ್‌ಕಾಯಿನ್ ಚೈನ್ ಕವಲೊಡೆದಾಗ ನಿಮ್ಮ ಲೆಕ್ಕ ತಾಳೆ ಹಾಕುವುದು ಹೇಗೆ

ಸ್ವಂತ ಬಿಟ್‌ಕಾಯಿನ್ ಕೋರ್ ನೋಡ್ (ಬಿಟ್‌ಕಾಯಿನ್ ಜಾಲಕ್ಕೆ ಸೇರಿ ವ್ಯವಹಾರಗಳನ್ನು ತಾನೇ ಪರಿಶೀಲಿಸುವ ತಂತ್ರಾಂಶ) ಇಟ್ಟುಕೊಂಡು ಪಾವತಿ ತಗೊಳ್ಳುವವರಿಗೆ ಇದು. ವ್ಯವಹಾರಗಳ ಕಟ್ಟನ್ನು ಬ್ಲಾಕ್ ಅಂತಾರೆ, ಅವು ಒಂದರ ಹಿಂದೊಂದು ಸೇರಿದ ಸರಪಳಿಯೇ ಚೈನ್, ಬ್ಲಾಕ್ ತಯಾರಿಸುವವರು ಮೈನರ್‌ಗಳು. ಇಬ್ಬರು ಮೈನರ್‌ಗಳು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬ್ಲಾಕ್ ಹೊರಬಿಟ್ಟರೆ ಚೈನ್ ಎರಡು ಕವಲಾಗುತ್ತದೆ. ನೋಡ್ ಮೊದಲು ಬಂದದ್ದನ್ನು ಹಿಡಿದುಕೊಂಡಿರುತ್ತದೆ, ಆಮೇಲೆ ಇನ್ನೊಂದು ಕವಲಿನ ಒಟ್ಟು ಪ್ರೂಫ್ ಆಫ್ ವರ್ಕ್ (ಬ್ಲಾಕ್ ತಯಾರಿಸಲು ಮಾಡಿದ ಲೆಕ್ಕಾಚಾರದ ಕೆಲಸ) ಜಾಸ್ತಿಯಾದರೆ ತಾನಾಗಿ ಆ ಕಡೆ ಹೋಗುತ್ತದೆ. ನೋಡ್ ಸರಿಹೋಯಿತು. ನಿಮ್ಮ ಡೇಟಾಬೇಸ್ ಮಾತ್ರ ಹಳೇ ಕವಲಿನಲ್ಲೇ ಉಳಿದಿರುತ್ತದೆ, ತೊಂದರೆ ಇರುವುದೇ ಅಲ್ಲಿ.

ಮೊದಲು ನೋಡ್‌ನಲ್ಲಿ 'ಗೆಟ್‌ಚೈನ್‌ಟಿಪ್ಸ್' ಅನ್ನುವ ಕಮಾಂಡ್ ಓಡಿಸಿ, ಅದು ಕವಲುಗಳ ಪಟ್ಟಿ ಕೊಡುತ್ತದೆ. 'ಆ್ಯಕ್ಟಿವ್' ಅಂತ ಇರುವುದು ಈಗಿನ ಚೈನ್. 'ವ್ಯಾಲಿಡ್-ಫೋರ್ಕ್' ಅಂತ ಒಂದು ಬ್ಲಾಕ್ ಉದ್ದದ ಕವಲು ಕಂಡರೆ ಗಾಬರಿ ಬೇಡ, ಅದು ಮಾಮೂಲಿ.

ಇನ್ನು ಮುಖ್ಯವಾದದ್ದು. ಎಲ್ಲಿವರೆಗೆ ಲೆಕ್ಕ ನೋಡಿದ್ದೀರಿ ಅನ್ನುವುದನ್ನು ಬ್ಲಾಕ್ ನಂಬರಿನಲ್ಲಿ ಬರೆದಿಡಬೇಡಿ, ಎರಡೂ ಕವಲಿನಲ್ಲಿ ಅದೇ ನಂಬರ್ ಇರುತ್ತದಲ್ವಾ? ಬ್ಲಾಕಿನ ಹ್ಯಾಶ್ (ಪ್ರತಿ ಬ್ಲಾಕಿಗೂ ಬೇರೆಬೇರೆಯಾಗಿರುವ ಗುರುತು) ಬರೆದಿಡಿ. ಆ ಹ್ಯಾಶ್ ಕೊಟ್ಟು 'ಲಿಸ್ಟ್‌ಸಿನ್ಸ್‌ಬ್ಲಾಕ್' ಕಮಾಂಡ್ ಓಡಿಸಿದರೆ, ಆ ಬ್ಲಾಕ್ ಈಗ ಚೈನಿನಿಂದ ಬಿದ್ದುಹೋಗಿದ್ದರೂ ಕವಲೊಡೆದ ಜಾಗಕ್ಕೆ ಹಿಂದೆ ಹೋಗಿ ಅಲ್ಲಿಂದ ವಾಲೆಟ್ಟಿನ ವ್ಯವಹಾರಗಳನ್ನೆಲ್ಲ ಕೊಡುತ್ತದೆ, ಬಿದ್ದುಹೋದ ಬ್ಲಾಕಿನಲ್ಲಿದ್ದವನ್ನು 'ರಿಮೂವ್ಡ್' ಅಂತ ಬೇರೆ ಪಟ್ಟಿಯಲ್ಲಿ ತೋರಿಸುತ್ತದೆ. ಆ ಪಟ್ಟಿಯ ಒಂದೊಂದರ ಕನ್ಫರ್ಮೇಶನ್ (ವ್ಯವಹಾರ ಸೇರಿದ ಬ್ಲಾಕನ್ನೂ ಎಣಿಸಿ ಈವರೆಗೆ ಎಷ್ಟು ಬ್ಲಾಕ್ ಆದವು ಅನ್ನುವ ಲೆಕ್ಕ) ನೋಡಿ. ಒಂದು ಅಥವಾ ಜಾಸ್ತಿ ಇದ್ದರೆ ಅದು ಹೊಸ ಚೈನಿನಲ್ಲೂ ಸೇರಿದೆ, ಹ್ಯಾಶ್ ಬದಲಿಸಿದರೆ ಸಾಕು. ಸೊನ್ನೆ ಇದ್ದರೆ ಮತ್ತೆ 'ಬಾಕಿ' ಅಂತ ಗುರುತು ಹಾಕಿ. ಮೈನಸ್ ಇದ್ದರೆ ಅದೇ ಕಾಯಿನ್ ಬೇರೆ ವ್ಯವಹಾರದಲ್ಲಿ ಖರ್ಚಾಗಿದೆ. ಸರಕು ಕೊಟ್ಟಿಲ್ಲದಿದ್ದರೆ ಕೂಡಲೇ ತಡೆಯಿರಿ. ಹಳೇ ನಮೂದನ್ನು ಅಳಿಸಬೇಡಿ, ರದ್ದು ಅಂತ ಬರೆದು ಇಟ್ಟುಕೊಳ್ಳಿ. ಕೊನೆಗೆ ಅದು ಕೊಡುವ 'ಲಾಸ್ಟ್‌ಬ್ಲಾಕ್' ಹ್ಯಾಶನ್ನು ಮುಂದಿನ ಸಲಕ್ಕೆ ಉಳಿಸಿ.

ಆರು ಕನ್ಫರ್ಮೇಶನ್ ಆಯ್ತು, ಇನ್ನೇನು ಭಯ ಅನ್ನುವವರು 2013ರ ಮಾರ್ಚ್ ನೆನಪಿಡಿ. 225430ನೇ ಬ್ಲಾಕನ್ನು ಬಿಟ್‌ಕಾಯಿನ್ ತಂತ್ರಾಂಶದ 0.8 ಆವೃತ್ತಿ ಒಪ್ಪಿತು, ಹಳೇ 0.7 ನೋಡ್‌ಗಳು ಒಪ್ಪಲಿಲ್ಲ. ಡೆವಲಪರ್‌ಗಳ ಮಾತು ಕೇಳಿ ದೊಡ್ಡ ಮೈನಿಂಗ್ ಪೂಲ್‌ಗಳು (ಒಟ್ಟಾಗಿ ಕೆಲಸ ಮಾಡುವ ಮೈನರ್‌ಗಳ ಗುಂಪುಗಳು) 0.7ಕ್ಕೆ ವಾಪಸ್ ಹೋದವು, 0.8ರ ಕವಲಿನ 24 ಬ್ಲಾಕ್ ಬಿದ್ದುಹೋದವು. ಆ ಗಲಾಟೆಯಲ್ಲಿ ಸುಮಾರು 10,000 ಡಾಲರಿನ ಒಂದು ಪಾವತಿ ಎರಡು ಸಲ ಖರ್ಚಾಯಿತು. ಹಾಗಾಗಿ ಉದ್ದನೆಯ ಕವಲು ಕಂಡರೆ ಪಾವತಿ ತಗೊಳ್ಳುವುದನ್ನೇ ನಿಲ್ಲಿಸಿ.

ನೀವು ಕಳಿಸಿದ ಹಣ ಬಿದ್ದುಹೋಗಿದ್ದರೆ ದಯವಿಟ್ಟು ಹೊಸ ವ್ಯವಹಾರ ಮಾಡಬೇಡಿ. ಸಹಿಯಾದ ಹಳೇ ವ್ಯವಹಾರವನ್ನೇ 'ಸೆಂಡ್‌ರಾಟ್ರಾನ್ಸಾಕ್ಷನ್' ಮೂಲಕ ಮತ್ತೆ ಬಿಡಿ, ಇಲ್ಲದಿದ್ದರೆ ಎರಡೂ ಸೇರಿಕೊಂಡು ಎರಡು ಸಲ ಕೊಟ್ಟಂತಾಗುತ್ತದೆ.